ಅಟ್ಟದ ಕೆಳಗಿನ ಸದ್ದು

ನಮ್ಮ ಮನೆಯಲ್ಲಿ ಮಾತಿಗಿಂತ ಮೊದಲು ಕಲಿಯುವುದು ಸದ್ದನ್ನು. ಅಟ್ಟದ ಮೇಲೆ ಕಾಯಿ ಇಟ್ಟುಕೊಂಡವರ ಮನೆಗಳೆಲ್ಲ ಹಾಗೇ. ಮಟ್ಟೆ ಸುಲಿಯದೆ ತೆಂಗಿನಕಾಯನ್ನು ಅಟ್ಟಕ್ಕೆ ಏರಿಸಿದರೆ ಅದು ತನ್ನಷ್ಟಕ್ಕೆ ಒಣಗಿ ಕೊಬ್ಬರಿಯಾಗಲು ಹೆಚ್ಚೂಕಡಿಮೆ ಒಂದು ವರ್ಷ ಬೇಕು. ಮೊದಮೊದಲು ಅಲ್ಲಾಡಿಸಿದರೆ ಒಳಗಿನ ನೀರು ಬಳಕ್ ಬಳಕ್ ಅನ್ನುತ್ತದೆ. ನೀರು ಇಂಗುತ್ತ ಬಂದ ಹಾಗೆ ಸದ್ದು ಕಿರಿದಾಗುತ್ತದೆ. ಆಮೇಲೆ ಒಂದಷ್ಟು ಕಾಲ ಏನೂ ಕೇಳುವುದಿಲ್ಲ. ಕಡೆಗೊಂದು ದಿನ ಚಿಪ್ಪು ಬಿಟ್ಟುಕೊಂಡ ಕೊಬ್ಬರಿ ಗುಂಡು ಒಳಗೇ ಗಡಗಡ ಉರುಳಿದರೆ, ಆಯಿತು ಅಂತ ಅರ್ಥ. ಅವ್ವ ನಂಬದೆ ಇರುವುದು ನಡುವಿನ ಆ ಸದ್ದಿಲ್ಲದ ಕಾಲವನ್ನು. ಕೆಡುವ ಕಾಯಿ ಕೆಡುವುದು ಆಗಲೇ ಅನ್ನುತ್ತಾಳೆ. ನಾನು ಚಿಕ್ಕವನಿದ್ದಾಗ ಈ ಮಾತನ್ನು ಕಾಯಿಯ ಮಾತು ಅಂತಲೇ ಕೇಳಿಸಿಕೊಂಡಿದ್ದೆ.

ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳದ ಕಡೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಕ್ಕೆ ನಮ್ಮ ಮನೆ. ಅವ್ವ, ನಾನು, ನನ್ನ ಹೆಂಡತಿ, ಮೂರೇ ಜನ. ನಡುಮನೆ ದಾಟಿದರೆ ಅಟ್ಟದ ಕೋಣೆ. ತಲೆಯ ಮೇಲೆ ಬಿದಿರ ದಬ್ಬೆ ಹಾಸಿದ ಅಟ್ಟ, ಅದರ ತುಂಬ ಕಾಯಿ. ಆ ಅಟ್ಟ ಅವ್ವನದು. ಎಳನೀರಿನ ಗಾಡಿಯವರು ಬಂದು ಎಷ್ಟು ಪುಸಲಾಯಿಸಿದರೂ ಅವಳು ಕಾಯನ್ನು ಎಳೆಯದರಲ್ಲಿ ಕೊಟ್ಟವಳಲ್ಲ. ಅಟ್ಟ ಬರಿದಾದರೆ ಮನೆ ಬಿಕೋ ಅನ್ನುತ್ತದೆ ಅನ್ನುವುದು ಅವಳ ವಾದ. ಒಣಮಟ್ಟೆಯ ರಾಶಿ ಅಂದರೆ ಏನು ಅಂತ ಬೇರೆ ಹೇಳಬೇಕಿಲ್ಲ, ಒಂದು ಕಿಡಿ ಸಾಕು. ಬಂದ ನೆಂಟರು ಆ ಕೋಣೆಯಲ್ಲಿ ಬೀಡಿ ತೆಗೆದರೂ ಅವ್ವ ಕೈಹಿಡಿದು ಜಗಲಿಗೆ ಕರೆದುಕೊಂಡು ಹೋಗಿ ಕೂರಿಸುತ್ತಿದ್ದಳು, ಅವರು ಎಂಥ ದೊಡ್ಡ ಮನುಷ್ಯರಾದರೂ ಸರಿ.

ಹೀಗಿದ್ದೂ ಆ ಕೋಣೆಗೆ ಹೊಗೆ ಹೊಸದಲ್ಲ. ಮಳೆಗಾಲದಲ್ಲಿ ಥಂಡಿ ಹಿಡಿದರೆ ಕಾಯಿ ಕೆಡುತ್ತದೆ ಅಂತ ಅಟ್ಟದ ಕೆಳಗೆ ಹೊಗೆ ಹಾಕುತ್ತೇವೆ. ಗಾರೆ ಕೆಲಸದವರು ಬಿಟ್ಟುಹೋದ ಒಂದು ಕಬ್ಬಿಣದ ಬಾಂಡ್ಲಿ. ಅದರ ತಳದಲ್ಲಿ ದಪ್ಪಗೆ ಬೂದಿ, ಬೂದಿಯ ಮೇಲೆ ನಾಲ್ಕು ಕೆಂಡ, ಅದರ ಮೇಲೆ ಹಸಿ ಮಟ್ಟೆಯ ಚೂರು. ಉರಿ ಏಳಬಾರದು, ಹೊಗೆ ಮಾತ್ರ ಸಣ್ಣಗೆ ಏಳುತ್ತಿರಬೇಕು. ಮುಗಿಯುವ ತನಕ ಒಬ್ಬರು ಪಕ್ಕದಲ್ಲಿ ಕೂತಿರಬೇಕು. ಮುಗಿದ ಮೇಲೆ ಬಾಂಡ್ಲಿಯ ಕಿವಿಗೆ ಕೊಕ್ಕೆ ಹಾಕಿ ಅಂಗಳಕ್ಕೆ ಎಳೆದುಬಿಡಬೇಕು. ಇಷ್ಟು ಕ್ರಮ. ಅವ್ವ ಹಾಕುತ್ತಾಳೆ, ಇಲ್ಲವೇ ನನ್ನ ಹೆಂಡತಿ ಹಾಕುತ್ತಾಳೆ. ಯಾರು ಹಾಕಿದರು ಅಂತ ಯಾರೂ ಯಾರನ್ನೂ ಕೇಳುತ್ತಿರಲಿಲ್ಲ. ಹೊಗೆಯ ವಾಸನೆ ಬಂದರೆ, ಯಾರೋ ಹಾಕಿದ್ದಾರೆ, ಅಟ್ಟ ಬೆಚ್ಚಗಿದೆ, ಅಷ್ಟೆ.

ಆ ಕೋಣೆಯಲ್ಲೇ ಒಂದು ಕಡೆ ಅವ್ವನ ಮಂಚ, ಇನ್ನೊಂದು ಕಡೆ ನನ್ನ ಮೇಜು. ನಾನು ಮನೆಗಳ ಚಿತ್ರ ಮಾಡುವವನು. ಈಗ ಹಾಸನದಿಂದ ಅರಕಲಗೂಡಿನ ತನಕ ಯಾರೇ ಮನೆ ಕಟ್ಟಿಸಲಿ, ಪಾಯ ತೆಗೆಯುವ ಮೊದಲೇ ಮನೆ ಮುಂದಿನಿಂದ ಹೇಗೆ ಕಾಣುತ್ತದೆ ಅಂತ ಫೋನಿನಲ್ಲಿ ನೋಡಿಬಿಡಬೇಕು. ಬಿಸಿಲು ಬಿದ್ದ ಹಾಗೆ, ಗೇಟಿನ ಮುಂದೆ ಕಾರು ನಿಂತ ಹಾಗೆ. ಬಣ್ಣ ಆರಿಸುವುದು, ಗಿರಾಕಿಗಳ ಹತ್ತಿರ ಮಾತಾಡುವುದು ನನ್ನ ಹೆಂಡತಿಯ ಪಾಲು. ಇಂಥ ಒಂದು ಚಿತ್ರ ಹೊರಗೆ ಬರಬೇಕಾದರೆ ಕಂಪ್ಯೂಟರು ಗಂಟೆಗಟ್ಟಲೆ ಬೆವರಬೇಕು. ಸಾಧಾರಣ ಲ್ಯಾಪ್‌ಟಾಪಿಗೆ ಆಗದು, ಆಟ ಆಡುವ ಹುಡುಗರು ತಗೊಳ್ಳುವ ಗೇಮಿಂಗ್ ಲ್ಯಾಪ್‌ಟಾಪೇ ತಗೊಳ್ಳಿ ಅಂದರು ಹಾಸನದ ಅಂಗಡಿಯವರು. ತಂದು ಆನ್ ಮಾಡಿದರೆ ಕೀಲಿಗಳ ಅಡಿಯಿಂದ ಕೆಂಪು, ನೀಲಿ ದೀಪ ಓಡಾಡಿದವು. ಅವ್ವ ಕಣ್ಣು ಕಿರಿದು ಮಾಡಿ ನೋಡಿದಳು. "ಇದೇನ್ಲಾ, ಗಣಪತಿ ಪೆಂಡಾಲ್ ತಂದ್ ಮಡಗಿದೀಯ" ಅಂದಳು.

ಮೊದಲ ಬೇಸಿಗೆ ಕಳೆಯುವ ತನಕ ಅದರ ಫ್ಯಾನು ದೂರದ ಜೇನುಹುಳದ ಹಾಗೆ ಗುಂಯ್ ಅನ್ನುತ್ತಿತ್ತು. ಆಮೇಲೆ ಗಂಟಲು ಬಿಟ್ಟಿತು. ಅದನ್ನು ಚಿತ್ರದ ಕೆಲಸಕ್ಕೆ ಹಚ್ಚಿ ಎರಡು ಗುಟುಕು ಕಾಫಿ ಕುಡಿಯುವಷ್ಟರಲ್ಲಿ ಬುಸುಗುಡಲು ಶುರು, ಬರಬರುತ್ತ ಹೂಂಕಾರ, ಆಮೇಲೆ ಒಂದು ಥರ ಕರಕರ, ಹಲ್ಲಿನ ನಡುವೆ ಮರಳು ಸಿಕ್ಕ ಹಾಗೆ. ಪಕ್ಕದ ತೋಟದ ಯಜಮಾನರು ಬೇಲಿಯ ಆಚೆಯಿಂದಲೇ, ಕರೆಂಟ್ ಬಂತಾ, ಮೋಟ್ರು ಹಾಕಿದ್ರಾ ಅಂತ ಕೇಳುತ್ತಿದ್ದರು. ಅದು ಮೋಟರಲ್ಲ, ನನ್ನ ಕೆಲಸ ಅಂದರೆ ನಗುತ್ತಿದ್ದರು. ಫೋನಿನಲ್ಲಿ ಗಿರಾಕಿಗಳು, ಮಿಲ್ಲಿನಲ್ಲಿ ಇದ್ದೀರಾ ಅಂತ ವಿಚಾರಿಸುತ್ತಿದ್ದರು.

ಅವ್ವ ಮಾತ್ರ ನಗಲಿಲ್ಲ. ಅವಳು ದನ ಸಾಕಿದವಳು. ಮಂಚದ ಮೇಲೆ ಕೂತು ತುಂಬ ಹೊತ್ತು ಕೇಳಿಸಿಕೊಂಡು, "ಇದು ಏದುಸಿರು ಕಣಪ್ಪ. ಒಳಗೇನೋ ಐತೆ ಅದುಕ್ಕೆ" ಅಂದಳು. ಹಾಗಂತ ಅದರಿಂದ ದೂರವೇನೂ ಹೋಗಲಿಲ್ಲ. ಲ್ಯಾಪ್‌ಟಾಪಿನ ಹಿಂದಿನಿಂದ ಬಿಸಿಗಾಳಿ ಬರುತ್ತದಲ್ಲ, ಮಳೆ ಶುರುವಾದ ಮೇಲೆ ಅವಳು ಮೇಜಿನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ನೋಯುವ ಕೈಬೆರಳನ್ನು ಆ ಗಾಳಿಗೆ ಹಿಡಿಯುತ್ತಿದ್ದಳು, ಒಲೆಯ ಮುಂದೆ ಕೂತ ಹಾಗೆ. ಅವಳ ದೂರು ಬೇರೆ ಇತ್ತು. ಈ ಸದ್ದಿನಲ್ಲಿ ಅಟ್ಟ ಕೇಳಿಸುವುದಿಲ್ಲ. ಇಲಿ ಬಂದರೆ ಗೊತ್ತಾಗುವುದಿಲ್ಲ, ಕಾಯಿ ಜಾರಿದರೆ ಗೊತ್ತಾಗುವುದಿಲ್ಲ. ಅವಳ ಕಣ್ಣಿಗೆ ಪೊರೆ ಬಂದು ಮಂಜಾಗಿದೆ. ಅಟ್ಟವನ್ನು ಅವಳು ಕಾಯುತ್ತಿದ್ದದ್ದೇ ಕಿವಿಯಿಂದ. "ಅದುರ್ ಬಾಯ್ ಒಸಿ ಮುಚ್ಸು ಮಗಾ, ಮೇಲೇನಾಯ್ತೈತೋ ಗೊತ್ತಾಯ್ತಿಲ್ಲ" ಅಂತ ದಿನಾ ಹೇಳುತ್ತಿದ್ದಳು.

ಹಾಸನದ ಬಸ್‌ಸ್ಟ್ಯಾಂಡಿನ ಹತ್ತಿರ ಲ್ಯಾಪ್‌ಟಾಪ್ ರಿಪೇರಿ ಮಾಡುವ ಒಂದು ಸಣ್ಣ ಅಂಗಡಿಗೆ ನಾನೂ ನನ್ನ ಹೆಂಡತಿಯೂ ತೆಗೆದುಕೊಂಡು ಹೋದೆವು. ರಿಪೇರಿಯವರು ತಳ ಬಿಚ್ಚಿ ನೋಡಿದರು. ಆಮೇಲೆ ಅಂಗಡಿಯಲ್ಲಿದ್ದವರನ್ನೆಲ್ಲ ಕರೆದು ತೋರಿಸಿದರು. ಫ್ಯಾನಿನ ರೆಕ್ಕೆಗಳ ಸುತ್ತ, ಗಾಳಿ ಹೋಗುವ ಕಿಂಡಿಗಳ ಒಳಗೆ, ತೆಂಗಿನ ನಾರು ಮೆತ್ತಿಕೊಂಡು ಗುಬ್ಬಿಗೂಡಿನ ಹಾಗೆ ಆಗಿತ್ತು. ಅಟ್ಟದ ದಬ್ಬೆಯ ಸಂದಿಯಿಂದ ಉದುರುವ ಪುಡಿಯನ್ನೆಲ್ಲ ಅದು ದಿನಾ ಉಸಿರಿನ ಜೊತೆ ಒಳಗೆ ಎಳೆದುಕೊಂಡಿತ್ತು. ಅವರು ಗೂಡು ಕಿತ್ತು, ಊದಿ, ಒರೆಸಿ ಕೊಟ್ಟರು. ಮೊದಲಿಗಿಂತ ಕಡಿಮೆಯಾಯಿತು, ಆದರೂ ಜೋರೇ. ನಮಗೆ ಸದ್ದೇ ಬೇಡ ಅಂದೆವು. ಪಕ್ಕದಲ್ಲಿದ್ದ ನನ್ನ ಹೆಂಡತಿ, ನಮ್ಮತ್ತೆಗೆ ಅಟ್ಟ ಕೇಳಿಸಬೇಕು ಅಂತ ವಿವರಿಸಿದಳು. ರಿಪೇರಿಯವರಿಗೆ ಅದು ಎಷ್ಟು ಅರ್ಥವಾಯಿತೋ ಕಾಣೆ. ಏನೋ ಒತ್ತಿ, ಫ್ಯಾನು ನಿಧಾನಕ್ಕೆ ತಿರುಗುವ ಹಾಗೆ ಮಾಡಿಕೊಟ್ಟರು. "ಬಿಸಿ ಜಾಸ್ತಿ ಆಯ್ತದೆ ಸಾ, ನೋಡ್ಕಳಿ" ಅಂದರು. ಬಿಸಿ ತಾನೇ, ಅವ್ವನ ಕೈಗೆ ಒಳ್ಳೆಯದೇ ಅಂದುಕೊಂಡು ಬಸ್ಸು ಹತ್ತಿದೆವು.

ಮನೆ ಸುಮ್ಮನಾಯಿತು. ಅಷ್ಟು ದಿನದ ಸದ್ದು ಹೋದ ಮೇಲೆ ಕೋಣೆ ದೊಡ್ಡದಾದ ಹಾಗೆ ಅನಿಸಿತು. ಮೇಲೆ ಒಂದು ಇಲಿ ದಬ್ಬೆಯ ಮೇಲೆ ಓಡಿದರೂ ಅವ್ವ ಇಲ್ಲಿಂದಲೇ ಗದರಿಸುತ್ತಿದ್ದಳು. ಚಿತ್ರಗಳು ಮೊದಲಿಗಿಂತ ನಿಧಾನಕ್ಕೆ ಆಗುತ್ತಿದ್ದವು, ಅದಕ್ಕೇ ಲ್ಯಾಪ್‌ಟಾಪನ್ನು ಚಾರ್ಜಿಗೆ ಹಾಕಿಯೇ ಬಿಟ್ಟಿರುತ್ತಿದ್ದೆ. ಆದರೆ ಒಂದೊಂದೇ ಸಣ್ಣ ವಿಷಯ ಬದಲಾಗುತ್ತಿತ್ತು. ಕೀಲಿಗಳ ನಡುವಿನ ಜಾಗ ಕೈ ಇಡಲಾಗದಷ್ಟು ಕಾಯುತ್ತಿತ್ತು. ಬೆರಳಾಡಿಸುವ ಹಲಗೆ ಒತ್ತಿದರೆ ಒತ್ತಿಕೊಳ್ಳುತ್ತಿರಲಿಲ್ಲ. ಮುಚ್ಚಿದರೆ ಮುಚ್ಚಳ ಪೂರ್ತಿ ಕೂರುತ್ತಿರಲಿಲ್ಲ, ತುಟಿ ತೆರೆದು ಮಲಗಿದವರ ಹಾಗೆ. ಒಂದು ದಿನ ಲ್ಯಾಪ್‌ಟಾಪು ಮೇಜಿನ ಮೇಲೆ ಅಲ್ಲಾಡತೊಡಗಿತು. ನಮ್ಮ ನೆಲ ಎಲ್ಲಿ ಸಮ ಇದೆ ಅಂತ ನಾನು ಹಳೆಯ ಮದುವೆ ಕಾಗದವೊಂದನ್ನು ಮಡಿಸಿ ಮೇಜಿನ ಕಾಲಿಗೆ ಕೊಟ್ಟೆ. ಆಗಲೂ ಅಲ್ಲಾಡಿತು. ಇನ್ನೊಂದು ಕಾಗದ ಕೊಟ್ಟೆ.

ಅವ್ವ ಒಂದು ಸಂಜೆ ಅದರ ಮೇಲೆ ಅಂಗೈ ಇಟ್ಟು, ಕರುವಿನ ಕಿವಿ ಮುಟ್ಟಿ ಜ್ವರ ನೋಡುವವಳ ಹಾಗೆ ನಿಂತಳು.

"ಮೊದ್ಲೇ ಚಂದಾಗಿತ್ತು ಕಣ್ಲಾ" ಅಂದಳು.

ಸದ್ದು ಬೇಡ ಅಂದವಳು ನೀನೇ ಅಲ್ವಾ ಅಂದೆ.

"ಊಂ, ನಾನೇ ಅಂದಿದ್ದು. ಈಗ ಸುಮ್ಕೈತೆ, ಬಿಸೀನೂ ಐತೆ. ಸುಮ್ಕಿರೋದಾ ನೋಡುದ್ರೆ ನಂಗ್ಯಾಕೋ ಸರಿ ಕಾಣಾಕಿಲ್ಲ."

ಅದನ್ನು ಕೊಬ್ಬರಿಯ ಮಾತು ಅಂತ ನಾನೂ ನನ್ನ ಹೆಂಡತಿಯೂ ನಕ್ಕೆವು. ಅವಳು ಕೈ ತೆಗೆದು ಸೆರಗಿಗೆ ಒರೆಸಿಕೊಂಡಳು.

ಆಷಾಢದ ಮಳೆ ಹಿಡಿದಿತ್ತು. ಹೊಳೆನರಸೀಪುರದಲ್ಲಿ ನಾನು ಚಿತ್ರ ಮಾಡಿಕೊಟ್ಟ ಮನೆಯೊಂದಕ್ಕೆ ತಾರಸಿ ಹಾಕಿದ್ದರು, ಬಂದು ನೋಡಿ ಊಟ ಮಾಡಿಕೊಂಡು ಹೋಗಿ ಅಂತ ಕರೆದಿದ್ದರು. ಅಲ್ಲಿಂದ ಮುಂದೆ ಅರಕಲಗೂಡಿಗೆ ಹೋಗಿ ಹೊಸದೊಂದು ಸೈಟು ನೋಡುವುದು ಅಂತಲೂ ಇತ್ತು. ಅರಕಲಗೂಡಿನವರಿಗೆ ಆಗಲೇ ಒಂದು ಚಿತ್ರ ಒಪ್ಪಿಕೊಂಡಿದ್ದೆ. ಲ್ಯಾಪ್‌ಟಾಪನ್ನು ಅದರ ಕೆಲಸಕ್ಕೆ ಹಚ್ಚಿ, ಚಾರ್ಜಿಗೆ ಹಾಕಿ, ಅಷ್ಟರಲ್ಲಿ ಆಗಿರುತ್ತದೆ ಅಂತ ಬಿಟ್ಟು ಬೈಕು ಹತ್ತಿದೆವು. ಅವ್ವ ಕುರ್ಚಿ ಎಳೆದುಕೊಂಡು ಕೂತಾಗಿತ್ತು. ಹೊರಡುವಾಗ ಕೋಣೆಯಲ್ಲಿ ಮಳೆಯದೊಂದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

ಊಟ ಮುಗಿಸಿ ಹೊಸ ಮನೆಯ ತಾರಸಿ ಕೆಳಗೆ ನಿಂತು ನನ್ನ ಹೆಂಡತಿ ಮನೆಗೆ ಫೋನು ಮಾಡಿದಳು. ಸ್ಪೀಕರಿಗೆ ಹಾಕಿದಳು, ಅವ್ವ ಜೋರಾಗಿ ಮಾತಾಡುವುದರಿಂದ ಕಿವಿಗೆ ಹಿಡಿಯಲಾಗದು. ಊಟ ಆಯಿತಾ, ಮಾತ್ರೆ ಆಯಿತಾ ಅಂತ ಅವಳು ಕೇಳಿದಳು. ಎಲ್ಲ ಆಗಿದೆ ಅಂದಳು ಅವ್ವ. ಏನು ಸಾರು ಮಾಡಿದ್ದರು ಅಂತ ತಿರುಗಿ ಕೇಳಿದಳು. ಆಮೇಲೆ ತಾನಾಗಿ, ನೆಮ್ಮದಿಯ ದನಿಯಲ್ಲಿ ಅಂದಳು:

"ಇಲ್ಲೂ ಮಳೆ ಇಡ್ಕಂಡೈತೆ. ನಾನ್ ಅಟ್ಟದ್ ಕೋಣೇಲೇ ಕುಂತಿವ್ನಿ. ಇವತ್ತು ಹೊಗೆ ಚಂದಾಗ್ ಏಳ್ತೈತೆ ಬುಡು."

"ಈ ಮಳೇಲಿ ನೀವೊಬ್ರೇ ಯಾಕೆ ಹೊಗೆ ಹಾಕಕ್ಕೋದ್ರಿ ಅತ್ತೆ? ನಾವ್ ಬರೋಗಂಟ ತಡೀಬಾರ್ದಾ?" ಅಂದಳು ನನ್ನ ಹೆಂಡತಿ.

"ನಾನೆಲ್ ಹಾಕ್ದೆ? ನೀನ್ ಹಾಕ್ಬುಟ್ಟು ಓಗಿದೀಯ ಅನ್ಕಂಡಿವ್ನಿ."

ಅವಳು ನನ್ನ ಮುಖ ನೋಡಿದಳು. ಎದುರಿಗೆ ಮನೆಯವರು ಎಲೆಅಡಿಕೆ ತಟ್ಟೆ ಹಿಡಿದು ನಿಂತಿದ್ದರು.

"ನಾನ್ ಹಾಕಿಲ್ಲ ಅತ್ತೆ."

ಆ ಕಡೆ ಕುರ್ಚಿ ಸರಿದ ಸದ್ದು. ಅವ್ವನ ಕಾಲು ನೆಲದ ಮೇಲೆ ಎಳೆಯುವ ಸದ್ದು. ಆ ಮಂಜುಗಣ್ಣಿನಲ್ಲಿ ಅವಳು ಮೊದಲು ಬಾಂಡ್ಲಿಯ ಹತ್ತಿರ ಹೋಗಿ ನೋಡಿದಳಂತೆ. ಅದರಲ್ಲಿ ತಣ್ಣಗಿನ ಬೂದಿ. ಆಮೇಲೆ ತಿರುಗಿದಳಂತೆ.

"ಲೇ, ನಿನ್ ಡಬ್ಬದಿಂದ ಬತ್ತೈತೆ ಕಣ್ಲಾ ಇದು" ಅಂದಳು. "ಉಬ್ಕಂಡೈತೆ."

ಆಚೆ ಹೋಗು, ಏನನ್ನೂ ಮುಟ್ಟಬೇಡ, ಜಗಲಿಗೆ ಹೋಗು ಅಂತ ನಾನು ಹೇಳಿದೆ. ಎಷ್ಟು ಸಲ ಹೇಳಿದೆನೋ. ಅವಳು ಕೇಳಿಸಿಕೊಂಡಳು ಅಂತ ನನಗೆ ಗೊತ್ತು, ಯಾಕೆಂದರೆ ಉತ್ತರ ಕೊಟ್ಟಳು.

"ಮೇಲ್ ಅಟ್ಟ ಐತಲ್ಲಪ್ಪ."

ಫೋನನ್ನು ಎಲ್ಲೋ ಇಟ್ಟಳು. ಕಟ್ ಆಗಿರಲಿಲ್ಲ. ಮಳೆಯ ಸದ್ದು ಕೇಳುತ್ತಿತ್ತು. ಅದರ ನಡುವೆ, ಇಷ್ಟು ದಿನ ಇಲ್ಲದ್ದು, ಫ್ಯಾನಿನ ಸದ್ದು ಎದ್ದಿತು. ಮೊದಲು ಗುಂಯ್, ಆಮೇಲೆ ಬುಸುಗುಡುವುದು, ಆಮೇಲೆ ಆ ಹಳೆಯ ಹೂಂಕಾರ. ಯಾರೂ ಹೇಳದೆ ಅದೇ ತಿರುಗಿತ್ತು, ತಡೆಯಲಾರದೆ. ಹೊಸ ಮನೆಯ ಬರಿಗೋಡೆಗಳಿಗೆ ಬಡಿದು ಅದು ಎರಡರಷ್ಟು ಕೇಳಿತು. ಪಟ್ ಅಂತ ಏನೋ ಆಯಿತು. ಫೋನು ಕಟ್ ಆಯಿತು.

ಅರಕಲಗೂಡಿನ ಮಾತು ಯಾರೂ ಎತ್ತಲಿಲ್ಲ. ಬೈಕು ತಿರುಗಿಸಿದೆ. ನನ್ನ ಹೆಂಡತಿ ಹಿಂದೆ ಕೂತು ಫೋನನ್ನು ಸೆರಗಿನೊಳಗೆ ಹಿಡಿದು ಮತ್ತೆ ಮತ್ತೆ ಮಾಡುತ್ತಿದ್ದಳು. ರಿಂಗ್ ಆಗುತ್ತಿದೆ, ಎತ್ತುತ್ತಿಲ್ಲ ಅನ್ನುತ್ತಿದ್ದಳು. ಪಕ್ಕದ ತೋಟದ ಯಜಮಾನರಿಗೆ ಮಾಡಿದರೆ ಅವರು ಕಟ್ಟಾಯದಲ್ಲಿ ಮಗಳ ಮನೆಯಲ್ಲಿದ್ದರು. ದಾರಿಯಲ್ಲಿ ಅಲ್ಲಲ್ಲಿ ತೋಟಗಳಲ್ಲಿ ಒದ್ದೆ ಗರಿಗೆ ಬೆಂಕಿ ಹಚ್ಚಿದ್ದರು. ಆ ಹೊಗೆ ಕಂಡ ಕಡೆಯಲ್ಲೆಲ್ಲ ಅವಳ ಕೈ ನನ್ನ ಭುಜದ ಮೇಲೆ ಬಿಗಿಯಾಗುತ್ತಿತ್ತು. ಅವ್ವ ಆಚೆ ಹೋಗಿರಲಾರಳು ಅಂತ ಇಬ್ಬರಿಗೂ ಗೊತ್ತಿತ್ತು. ಬೀಡಿಗೂ ಜಾಗ ಕೊಡದವಳು ಆ ಅಟ್ಟ ಬಿಟ್ಟು ಜಗಲಿಯಲ್ಲಿ ಹೋಗಿ ಕೂರುವುದು ಉಂಟೇ. ಚನ್ನರಾಯಪಟ್ಟಣ ದಾಟಿ ನಮ್ಮ ತಿರುವಿಗೆ ಬಂದಾಗ ತೆಂಗಿನ ತಲೆಗಳ ಮೇಲೆ ಒಂದು ತೆಳ್ಳನೆಯ ಹೊಗೆ ಕಂಡಿತು, ನೆಟ್ಟಗೆ, ನಮ್ಮ ಮನೆ ಇರುವ ಕಡೆಯೇ.

ಅಂಗಳದ ನಡುವೆ ಬಾಂಡ್ಲಿ ಇತ್ತು. ಅದರ ಬೂದಿಯಲ್ಲಿ ಅರ್ಧ ಹೂತ ಹಾಗೆ ಕಪ್ಪಗೆ ಸೊಟ್ಟಗಾದದ್ದೊಂದು ಹೊಗೆ ಬಿಡುತ್ತ ಬಿದ್ದಿತ್ತು. ಅವ್ವ ಜಗಲಿಯ ಮೇಲೆ ಕೂತಿದ್ದಳು. ತೊಡೆಯ ಮೇಲೆ ಅಡ್ಡಕ್ಕೆ ಕಬ್ಬಿಣದ ಕೊಕ್ಕೆ. ಸೆರಗಿನ ಅಂಚು ಕರಕಲಾಗಿ ಮುದುರಿತ್ತು. ನಾವು ಬಂದದ್ದು ಗೊತ್ತಾದರೂ ಅವಳು ಬಾಂಡ್ಲಿಯಿಂದ ಮುಖ ತಿರುಗಿಸಲಿಲ್ಲ.

"ಅದ್ರತ್ರ ಓಗ್ಬ್ಯಾಡಿ" ಅಂದಳು. "ಇನ್ನೂ ಜೀವ ಐತೆ."

ಹೇಳಿ ಮುಗಿಸುವಷ್ಟರಲ್ಲಿ ಅದು ಬುಸ್ಸೆಂದು ಒಂದು ಸಲ ಬೆಂಕಿ ಉಗುಳಿತು. ಮಳೆಯಲ್ಲೂ.

ನಡೆದದ್ದು ಇಷ್ಟು. ಅವಳು ಗೋಡೆಯ ಸ್ವಿಚ್ಚು ಆರಿಸಿದಳು. ಹೊಗೆ ಹಾಕುವಾಗ ಎಳೆದುಕೊಳ್ಳುವ ಹಾಗೆ ಬಾಂಡ್ಲಿಯನ್ನು ಮೇಜಿನ ಪಕ್ಕಕ್ಕೆ ತಂದಳು. ಕೊಕ್ಕೆಯಿಂದ ಲ್ಯಾಪ್‌ಟಾಪನ್ನು ತಳ್ಳಿ ಬೂದಿಯೊಳಗೆ ಬೀಳಿಸಿದಳು. ಬೀಳುವಾಗಲೇ ಅದು ಹತ್ತಿಕೊಂಡಿತು, ಜ್ವಾಲೆ ಮೇಜಿಗಿಂತ ಮೇಲೆ ಹೋಯಿತು. ಕಿವಿಗೆ ಕೊಕ್ಕೆ ಸಿಕ್ಕಿಸಿ, ನಡುಮನೆಯ ನೆಲದ ಮೇಲೆ ಗೀರು ಎಳೆಯುತ್ತ ಅಂಗಳದ ತನಕ ತಂದಳು. ಮಳೆಗಾಲದಲ್ಲೆಲ್ಲ ಮಾಡುತ್ತಿದ್ದ ಕೆಲಸವೇ. ಕೈಯಲ್ಲಿ ಬೊಬ್ಬೆ ಎದ್ದಿದ್ದವು. ನನ್ನ ಹೆಂಡತಿ ಆ ಕೈಯನ್ನು ನೀರಿನಲ್ಲಿ ಹಿಡಿದುಕೊಂಡು ಅಳುತ್ತಿದ್ದರೆ ಅವ್ವ, ಮೊದಲು ಅಟ್ಟ ನೋಡಿ ಅಂತಲೇ ಹೇಳುತ್ತಿದ್ದಳು.

ಅಟ್ಟ ಚೆನ್ನಾಗಿತ್ತು. ನನ್ನ ಮೇಜಿನ ಮೇಲುಗಡೆ ಎರಡು ದಬ್ಬೆ ಕರ್ರಗಾಗಿದ್ದವು, ಅಷ್ಟೆ. ಬದುಕಿದೆವು ಅಂದೆ. ಅವ್ವ ಒಪ್ಪಲಿಲ್ಲ. ಆ ಮೂಲೆಯ ಕಾಯನ್ನೆಲ್ಲ ಇಳಿಸು ಅಂದಳು. ನಾರಿನೊಳಗೆ ಹೋದ ಕಿಡಿ ಉರಿಯುವುದಿಲ್ಲ, ಹೊಗೆಯಾಡುವುದೂ ಕಾಣುವುದಿಲ್ಲ, ಒಳಗೊಳಗೇ ತಿನ್ನುತ್ತದೆ ಅಂದಳು. ಅಷ್ಟರಲ್ಲಿ ಮಳೆ ನಿಂತಿತ್ತು. ಮಬ್ಬುಗತ್ತಲಾಗುವ ತನಕ ನಾನು ಇಳಿಸಿದೆ, ನನ್ನ ಹೆಂಡತಿ ಅಂಗಳದಲ್ಲಿ ದೂರ ದೂರ ಇಟ್ಟಳು. ಅವ್ವ ಬಟ್ಟೆ ಸುತ್ತಿದ ಕೈಯನ್ನು ಬಿಟ್ಟು ಇನ್ನೊಂದು ಕೈಯಿಂದ ಒಂದೊಂದನ್ನೇ ಮುಟ್ಟಿ ನೋಡುತ್ತ ಹೋದಳು. ಎಲ್ಲ ತಣ್ಣಗಿದ್ದವು. ಬೆಳಿಗ್ಗೆ ಎದ್ದು ನೋಡಿದರೆ ಸಾಲಿನ ನಡುವೆ ಒಂದು ಕಾಯಿ ಇದ್ದ ಜಾಗದಲ್ಲಿ ಬೂದಿಯ ಒಂದು ಗುಂಡನೆಯ ಗುರುತೂ ಕರಕಲು ಚಿಪ್ಪೂ ಇದ್ದವು. ನಾವು ಯಾರೂ ಏನೂ ಕೇಳಿಸಿಕೊಂಡಿರಲಿಲ್ಲ.

ಆಮೇಲೆ ಹಾಸನದ ರಿಪೇರಿಯವರು ಉಳಿದ ಚೂರನ್ನು ನೋಡಿ, ಬಿಸಿಗೆ ಬ್ಯಾಟರಿ ಉಬ್ಬಿದೆ, ಮೇಜು ಅಲ್ಲಾಡಿದ್ದಲ್ಲ ಅದು, ತಳವೇ ಉಬ್ಬಿ ಅಲ್ಲಾಡಿದ್ದು ಅಂದರು. ನಾನು ಮಡಿಸಿ ಕೊಟ್ಟ ಮದುವೆ ಕಾಗದಗಳು ಇನ್ನೂ ಮೇಜಿನ ಕಾಲಿನ ಕೆಳಗೇ ಇವೆ. ತೆಗೆಯಲು ಯಾಕೋ ಮನಸ್ಸು ಬಂದಿಲ್ಲ.

ಈಗಿನ ಲ್ಯಾಪ್‌ಟಾಪು ಜಗಲಿಯ ಪಕ್ಕದ ಸಣ್ಣ ಕೋಣೆಯಲ್ಲಿದೆ. ಅದಕ್ಕೆ ಅಟ್ಟವಿಲ್ಲ, ಮೇಲೆ ಬರಿ ಹೆಂಚು. ಫ್ಯಾನು ಹೇಗೆ ಬೇಕೋ ಹಾಗೆ ಕೂಗಿಕೊಳ್ಳುತ್ತದೆ, ಯಾರೂ ಬಾಯಿ ಮುಚ್ಚು ಅನ್ನುವುದಿಲ್ಲ. ಗಿರಾಕಿಗಳು ಮಿಲ್ಲಿನಲ್ಲಿದ್ದೀರಾ ಅಂದರೆ ನನ್ನ ಹೆಂಡತಿ ಹೌದು ಅಂದುಬಿಡುತ್ತಾಳೆ. ಹೊಗೆ ಹಾಕುವವರು ಈಗ ಹಾಕುವ ಮೊದಲು ಕೂಗಿ ಹೇಳಬೇಕು, ಮಿಕ್ಕಿಬ್ಬರೂ ಊಂ ಅನ್ನಬೇಕು, ಆಮೇಲೆ ಕೆಂಡ. ಮಳೆಯ ದಿನ ಹೊಗೆಯ ವಾಸನೆ ಮೂಗಿಗೆ ಬಿದ್ದರೆ, ನಾನೇ ಊಂ ಅಂದಿದ್ದರೂ, ಎದ್ದು ಹೋಗಿ ಬಾಂಡ್ಲಿ ನೋಡಿ ಬರುತ್ತೇನೆ.

ಕೆಲವು ಮಧ್ಯಾಹ್ನ ಚಿತ್ರ ಮುಗಿದು ಫ್ಯಾನು ಇದ್ದಕ್ಕಿದ್ದ ಹಾಗೆ ನಿಲ್ಲುತ್ತದೆ. ಅಡಿಗೆಮನೆಯಲ್ಲಿ ಪಾತ್ರೆಯ ಸದ್ದೂ ನಿಲ್ಲುತ್ತದೆ. ಅಟ್ಟದ ಕೋಣೆಯಿಂದ ಅವ್ವನ ದನಿ ಬರುತ್ತದೆ.

"ಯಾಕ್ಲಾ, ಸುಮ್ಕಾಯ್ತು?"

ಕೆಲಸ ಮುಗೀತು ಕಣವ್ವ ಅಂತ ತಕ್ಷಣ ಹೇಳುವುದಿಲ್ಲ ನಾನು. ಮೊದಲು ಅಂಗೈ ಇಟ್ಟು ನೋಡುತ್ತೇನೆ. ಅದು ತಣ್ಣಗಾಗುವ ತನಕ ಮೂವರೂ ಇದ್ದಲ್ಲೇ ಇರುತ್ತೇವೆ.